ನೆಗಡಿಗೆ ‘ಪವರ್ ಗುಳಿಗೆ’ ಏಕೆ ಬೇಡ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸಿಂಧನೂರಿನ ಭತ್ತದ ಪೈರನ್ನು ನೀವು ನೋಡಿರುತ್ತೀರಿ. ಅದಕ್ಕೆ ಎಲುಬಿಲ್ಲ. ಆದರೂ ನೆಟ್ಟಗೆ ನಿಲ್ಲುತ್ತದೆ. ಏಕೆಂದರೆ ಸಸ್ಯದ ಪ್ರತಿ ಜೀವಕೋಶದ ಸುತ್ತ ಸೆಲ್ಯುಲೋಸ್ ಎಂಬ ನಾರಿನ ಗೋಡೆಯಿದೆ. ಇದೇ ಕೋಶಭಿತ್ತಿ. ಅಣಬೆ, ಬೂಷ್ಟುಗಳಿಗೂ ಇಂಥ ಗೋಡೆಯುಂಟು. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೂ ಉಂಟು. ಆದರೆ ಮನುಷ್ಯನ ಜೀವಕೋಶಕ್ಕೆ ಗೋಡೆಯಿಲ್ಲ, ತೆಳುವಾದ ಪೊರೆ ಮಾತ್ರ.

ಈ ವ್ಯತ್ಯಾಸವೇ ವೈದ್ಯರಿಗೆ ವರವಾಯಿತು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್, ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳುವುದನ್ನೇ ತಡೆಯುತ್ತದೆ. ಗೋಡೆ ದುರ್ಬಲವಾದೊಡನೆ ನೀರು ಒಳನುಗ್ಗಿ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಗೋಡೆಯೇ ಇಲ್ಲದ ನಮ್ಮ ಜೀವಕೋಶಗಳು ಉಳಿಯುತ್ತವೆ. ಇಂದು ಮನೆಮಾತಾಗಿರುವ ಅಮಾಕ್ಸಿಸಿಲಿನ್ ಇದೇ ಪೆನಿಸಿಲಿನ್ ವಂಶದ್ದು.

ಈಗ ನೆಗಡಿಯ ವಿಷಯಕ್ಕೆ ಬನ್ನಿ. ನೆಗಡಿ ಬರುವುದು ವೈರಸ್‌ನಿಂದ. ವೈರಸ್ ಜೀವಕೋಶವೇ ಅಲ್ಲ, ಅದಕ್ಕೆ ಇಂಥ ಗೋಡೆಯೂ ಇಲ್ಲ. ಗೋಡೆಯೇ ಇಲ್ಲದ ಕಡೆ ಗೋಡೆ ಕೆಡವುವ ಔಷಧಿ ಏನು ಮಾಡೀತು?

“ಸರ, ನೆಗಡಿ ಭಾಳ ಆಗ್ಯಾದ್ರಿ, ಪವರಿಂದು ಗುಳಿಗಿ ಬರ್ದು ಕೊಡ್ರಿ” ಎಂದು ಕೇಳುವವರು ದಿನವೂ ಬರುತ್ತಾರೆ. ಬರೆಯದಿದ್ದರೆ ಸೀದಾ ಔಷಧಿ ಅಂಗಡಿಗೆ ಹೋಗಿ ನಾಲ್ಕು ಗುಳಿಗೆ ಕೊಳ್ಳುತ್ತಾರೆ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದು ಕಾನೂನಿಗೆ ವಿರುದ್ಧ. ತಪ್ಪು ಅಂಗಡಿಯವರದು ಮಾತ್ರವಲ್ಲ. ರೋಗಿ ಬೇಸರಪಟ್ಟಾನೆಂದು ಹಿಂದೆ ನಾನೂ ಬರೆದುಕೊಟ್ಟಿದ್ದೇನೆ. ಈಗ ಬರೆಯುವುದಿಲ್ಲ.

ಸುಮ್ಮನೆ ನುಂಗಿದ ಗುಳಿಗೆ ಸುಮ್ಮನಿರುವುದಿಲ್ಲ. ಕೆಲವರಿಗೆ ಭೇದಿಯಾಗುತ್ತದೆ, ಕೆಲವರಿಗೆ ಅಲರ್ಜಿ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ದೇಹದಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಔಷಧಿಗೆ ಜಗ್ಗದಂಥವು ಮಾತ್ರ ಉಳಿದು ಬೆಳೆಯುತ್ತವೆ. ಪೆನಿಸಿಲಿನ್ನನ್ನೇ ಮುರಿದು ಹಾಕುವ ಕಿಣ್ವ ಕೆಲವದರ ಬಳಿ ಇರುತ್ತದೆ. ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ನಾಳೆ ಮನೆಯ ಕೂಸಿಗೆ ನಿಜವಾಗಿಯೂ ನ್ಯುಮೋನಿಯಾ ಬಂದಾಗ ಔಷಧಿ ನಾಟದೆ ಹೋದರೆ ಯಾರನ್ನು ದೂರುವುದು?

ಸಾಧಾರಣ ನೆಗಡಿಗೆ ವಿಶ್ರಾಂತಿ, ಬಿಸಿನೀರು, ಗಂಜಿ ಸಾಕು. ಜ್ವರವಿದ್ದರೆ ಪ್ಯಾರಾಸಿಟಮಾಲ್. ಸಾಮಾನ್ಯವಾಗಿ ಏಳೆಂಟು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಆದರೆ ಉಸಿರು ವೇಗವಾದರೆ, ಪಕ್ಕೆ ಸೆಳೆದರೆ, ಜ್ವರ ಮೂರು ದಿನ ದಾಟಿದರೆ ಅಥವಾ ಮಗು ಹಾಲು ಕುಡಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅವರು ಆಂಟಿಬಯೋಟಿಕ್ ಬರೆದರೆ ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ಬೇಡವೆಂದರೆ ಒತ್ತಾಯಿಸಬೇಡಿ. ಗುಳಿಗೆ ಬರೆಯದ ವೈದ್ಯರೂ ನಿಮಗೆ ಚಿಕಿತ್ಸೆಯನ್ನೇ ಕೊಟ್ಟಿರುತ್ತಾರೆ.