ಅಂತೆಕಂತೆಗಳ ಪೋಸ್ಟ್‌ಮಾರ್ಟಂ

ಹತ್ತಿರ ಹತ್ತಿರ ಐದು ವರ್ಷ ಬೇಕಾಯಿತು. ಬಾಂದ್ರಾದ ಮನೆಯಲ್ಲಿ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡದ್ದು 2020ರ ಜೂನ್ 14ರಂದು. ಅದರಲ್ಲಿ ಯಾರ ಮೇಲೂ ಹೊರಿಸುವಂಥದ್ದೇನೂ ಸಿಗಲಿಲ್ಲ ಎಂದು ಸಿಬಿಐ ಮುಕ್ತಾಯ ವರದಿ ಒಪ್ಪಿಸಿದ್ದು 2025ರ ಮಾರ್ಚ್‌ನಲ್ಲಿ. ಇದು ಕೊಲೆಯಲ್ಲ ಎಂದು ಏಮ್ಸ್‌ನ ವಿಧಿವಿಜ್ಞಾನ ತಜ್ಞರು 2020ರ ಅಕ್ಟೋಬರ್‌ನಲ್ಲೇ ಹೇಳಿಯಾಗಿತ್ತು. ಅಷ್ಟರೊಳಗೆ ನಮ್ಮ ಟಿವಿ ಆ್ಯಂಕರುಗಳು ಆ ಸಾವಿಗೆ ವಿಷ, ಮಾಟ, ಹದಿನೈದು ಕೋಟಿ, ಕೊನೆಗೆ ಡ್ರಗ್ಸ್ ಅಂತ ಸಾಲಾಗಿ ಕಾರಣ ಕೊಟ್ಟು, ಎಲ್ಲಕ್ಕೂ ಸೇರಿಸಿ ಒಬ್ಬಳೇ ಅಪರಾಧಿಯನ್ನು ಹುಡುಕಿ, ತೀರ್ಪನ್ನೂ ಓದಿ ಊಟಕ್ಕೆ ಎದ್ದು ಹೋಗಿದ್ದರು. ವರದಿ ಬಂದ ಮೇಲೆ ಇವರು ಪಶ್ಚಾತ್ತಾಪಪಟ್ಟು ನಡೆಸಿದ ಪ್ರೈಮ್ ಟೈಮ್ ಚರ್ಚೆಯನ್ನು ಯಾರಾದರೂ ನೋಡಿದ್ದರೆ ದಯವಿಟ್ಟು ನನಗೂ ತೋರಿಸಿ.

ತೋರಿಸಲಾರಿರಿ. ಈಗ ಹೊರಟಿರುವ ಮಾತೇ ಬೇರೆ. ಸಿಬಿಐಯನ್ನೂ ‘ಮ್ಯಾನೇಜ್’ ಮಾಡಿದ್ದಾರಂತೆ! ಮುಂಬೈ ಪೊಲೀಸರನ್ನು ನಂಬಲಾರೆವು, ಸಿಬಿಐಗೆ ಕೊಡಿ ಎಂದು ಗಂಟಲು ಹರಿದುಕೊಂಡವರು ಇವರೇ. ಸುಪ್ರೀಂ ಕೋರ್ಟ್ ಕೊಟ್ಟಿತು. ಸಿಬಿಐ ಹುಡುಕಿತು, ಸಿಗಲಿಲ್ಲ. ಈಗ ಸಿಬಿಐಯೂ ಬೇಡ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಹುಬ್ಬು ಹಾರಿಸುವ ಈ ಮಹನೀಯರು, ಊದುಗೊಳವೆ ಯಾರ ಕೈಯಲ್ಲಿತ್ತು ಎಂದು ಮಾತ್ರ ಎಂದೂ ಕೇಳುವುದಿಲ್ಲ.

ಸತ್ತವರು ಯಾಕೆ ಸತ್ತರು ಎಂದು ಹೇಳಲು ಹೆಣ ಬೇಕು, ಪ್ರಯೋಗಾಲಯ ಬೇಕು, ತಮ್ಮ ಮಾತಿನ ಕೆಳಗೆ ಸಹಿ ಹಾಕುವ ವೈದ್ಯರು ಬೇಕು. ಇವೇನೂ ಇಲ್ಲದೆ ಮಾತಾಡಿದವನು ಅದರ ಬೆಲೆ ತೆರಬೇಕು. ಈ ದೇಶದಲ್ಲಿ ಆಗುತ್ತಿರುವುದು ಉಲ್ಟಾ: ಹೇಳಿದವನಿಗೆ ಟಿಆರ್‌ಪಿ, ಹೇಳಿಸಿಕೊಂಡವರಿಗೆ ಜೈಲು.

ಸುಶಾಂತ್ ಗೆಳತಿ ರಿಯಾ ಚಕ್ರವರ್ತಿಯ ವಿಷಯವನ್ನೇ ತೆಗೆದುಕೊಳ್ಳಿ. ಪಟ್ನಾದಲ್ಲಿ ದಾಖಲಾದ ದೂರಿನಲ್ಲಿ ಇದ್ದದ್ದು ಆತ್ಮಹತ್ಯೆಗೆ ಪ್ರಚೋದನೆ ಮತ್ತು ದುಡ್ಡಿನ ಆರೋಪ. ಅವು ನಿಲ್ಲುವ ಹಾಗೆ ಕಾಣಲಿಲ್ಲ. ಆಗ ಆಕೆಯ ಮೊಬೈಲಿನ ವಾಟ್ಸಾಪ್ ಚಾಟುಗಳು ಹೊರಬಿದ್ದವು (ತನಿಖಾ ಸಂಸ್ಥೆಗಳ ಕೈಯಲ್ಲಿರಬೇಕಾದ ಚಾಟುಗಳು ಆ್ಯಂಕರುಗಳ ಕೈಗೆ ಹೇಗೆ ಬಂದವೋ, ಅದನ್ನು ಯಾವ ತನಿಖಾ ಸಂಸ್ಥೆಯೂ ತನಿಖೆ ಮಾಡಲಿಲ್ಲ), ಮಾದಕವಸ್ತು ನಿಯಂತ್ರಣ ಬ್ಯೂರೋ (ಎನ್‌ಸಿಬಿ) ಬಂತು, ಸೆಪ್ಟೆಂಬರ್ 8ರಂದು ಬಂಧನವಾಯಿತು. ಬೈಕುಲ್ಲಾ ಜೈಲಿನಲ್ಲಿ 28 ದಿನ. ಈ 28ನ್ನು ನೆನಪಿಟ್ಟುಕೊಳ್ಳಿ. ಹೊರಿಸಿದ್ದು ಎನ್‌ಡಿಪಿಎಸ್ ಕಾಯಿದೆಯ 27ಎ ಸೆಕ್ಷನ್, ಅಂದರೆ ಮಾದಕವಸ್ತು ಸಾಗಾಟಕ್ಕೆ ಬಂಡವಾಳ ಹೂಡಿದವರಿಗೆ ಮೀಸಲಾದ, ಹತ್ತು ವರ್ಷದಿಂದ ಇಪ್ಪತ್ತು ವರ್ಷದವರೆಗಿನ ಶಿಕ್ಷೆ. ಸುಶಾಂತ್ ಸೇದಲು ಗಾಂಜಾ ತರಿಸಿಕೊಟ್ಟಳು ಎಂಬುದು ಆರೋಪ. ಬೇರೊಬ್ಬರ ಸೇವನೆಗೆ ದುಡ್ಡು ಕೊಟ್ಟದ್ದನ್ನು ಸಾಗಾಟಕ್ಕೆ ಬಂಡವಾಳ ಹೂಡಿದ್ದು ಎನ್ನಲಾಗದು, ಈಕೆ ಡ್ರಗ್ಸ್ ದಂಧೆಯವರ ಸರಪಳಿಯ ಭಾಗವಲ್ಲ ಎಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಸಾರಂಗ್ ಕೊತ್ವಾಲ್ ಜಾಮೀನು ಕೊಟ್ಟರು. ಇಷ್ಟಕ್ಕೂ ಗಾಂಜಾಕ್ಕೂ ಆ ಸಾವಿಗೂ ಸಂಬಂಧವೇನು? ಇದನ್ನು ಯಾರೂ ತೋರಿಸಲಿಲ್ಲ. ಅಂದು ತೋರಿಸುವ ಅಗತ್ಯವೂ ಇರಲಿಲ್ಲ. ಡ್ರಗ್ಸ್ ಎಂದು ಒಮ್ಮೆ ಕಿರುಚಿದರೆ ಸಾಕು, ಮುಂದಿನದನ್ನು ನೋಡುಗರೇ ತುಂಬಿಕೊಳ್ಳುತ್ತಿದ್ದರು.

ಅದು ಮುಂಬೈ ಬಿಡಿ, ನಾವು ಸಂಭಾವಿತರು ಎಂದು ಇಲ್ಲಿ ಯಾರೂ ಮೀಸೆ ತಿರುವಬೇಕಾಗಿಲ್ಲ. ಅದೇ ವರ್ಷ ಜೂನ್ 7ರಂದು ಚಿರಂಜೀವಿ ಸರ್ಜಾ ಹೃದಯಾಘಾತದಿಂದ ತೀರಿಕೊಂಡರು. ಇಡೀ ಕನ್ನಡನಾಡು ಅತ್ತಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಎನ್‌ಸಿಬಿ ಕೆಲವರನ್ನು ಹಿಡಿಯಿತು, ಗಾಂಧಿನಗರದ ಹೆಸರು ಬಂತು, ಕ್ಯಾಮೆರಾಗಳು ಬಂದವು. ಚಿಕ್ಕ ವಯಸ್ಸಿನಲ್ಲಿ ಸತ್ತ ನಟನ ಪೋಸ್ಟ್‌ಮಾರ್ಟಂ ಯಾಕೆ ಮಾಡಲಿಲ್ಲ ಎಂಬ ಪ್ರಶ್ನೆ ಕ್ಯಾಮೆರಾದ ಮುಂದೆ ಬಿತ್ತು. ಹೆಸರು ಹೇಳದಿದ್ದರೇನು, ಯಾರೆಂದು ಗೊತ್ತಾಗದ ಕನ್ನಡಿಗರು ಯಾರಿದ್ದರು? ಮೇಘನಾ ರಾಜ್ ಆಗ ಗರ್ಭಿಣಿ. ಗಂಡನನ್ನು ಮಣ್ಣು ಮಾಡಿ ಮೂರು ತಿಂಗಳಾಗಿರಲಿಲ್ಲ. ಆ ಹೆಣ್ಣುಮಗಳು ಮಗುವನ್ನು ಕಾಯುತ್ತ ಕೂರಬೇಕಾದ ಹೊತ್ತಿನಲ್ಲಿ ಸತ್ತ ಗಂಡನ ಮಾನ ಕಾಯುತ್ತ ಫಿಲಂ ಚೇಂಬರ್‌ಗೆ ದೂರು ಬರೆಯಬೇಕಾಯಿತು. ಆಮೇಲೆ ಮಾತು ಹಿಂದಕ್ಕೆ ಪಡೆದದ್ದಾಯಿತು, ವಿಷಾದವೂ ಆಯಿತು. ಅಷ್ಟರಲ್ಲಿ ಎಷ್ಟು ಕಾಫಿ ಹೋಟೆಲುಗಳಲ್ಲಿ, ಎಷ್ಟು ಫ್ಯಾಮಿಲಿ ಗ್ರೂಪುಗಳಲ್ಲಿ ‘ಏನೋ ಇದೆಯಂತೆ ಕಣ್ರೀ’ ಸಾಗಿಹೋಗಿತ್ತು! ಆ ‘ಏನೋ’ ಏನು ಎಂದು ಇಂದಿಗೂ ಯಾರೂ ಹೇಳಿಲ್ಲ.

ಪೋಸ್ಟ್‌ಮಾರ್ಟಂ ಯಾಕಿಲ್ಲ ಎಂಬುದು ಬಹಳ ಜಾಣ ಪ್ರಶ್ನೆಯಂತೆ ಕೇಳಿಸುತ್ತದೆ. ಹಾಸ್ಪಿಟಲಿನ ವೈದ್ಯರು ಹೃದಯಾಘಾತ ಎಂದು ಹೇಳಿದ, ಮನೆಯವರಿಗೂ ಪೊಲೀಸರಿಗೂ ಅನುಮಾನವಿಲ್ಲದ ಸಾವಿಗೆ ನಮ್ಮಲ್ಲಿ ಪೋಸ್ಟ್‌ಮಾರ್ಟಂ ಮಾಡುವುದಿಲ್ಲ. ನಿಮ್ಮ ಅಜ್ಜನಿಗೆ ಮಾಡಿಸಿದ್ದಿರಾ? ಅನುಮಾನ ಇದ್ದರೆ ಅದಕ್ಕೆ ದಾರಿ ಇದೆ. ಠಾಣೆಯಲ್ಲಿ ಅಸ್ವಾಭಾವಿಕ ಸಾವಿನ ವರದಿ (ಯುಡಿಆರ್) ಆಗುತ್ತದೆ, ಪಂಚನಾಮೆ ಆಗುತ್ತದೆ, ಶವಾಗಾರದಲ್ಲಿ ಹೊಟ್ಟೆ, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು ತೆಗೆದು ಸೀಲು ಹಾಕಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರಲು ತಿಂಗಳುಗಳೇ ಹಿಡಿಯಬಹುದು. ದೇಹದಲ್ಲಿ ಮಾದಕವಸ್ತುವಿನ ಅಂಶ ಸಿಕ್ಕಿತು ಎಂದಮಾತ್ರಕ್ಕೆ ಅದರಿಂದಲೇ ಸತ್ತರು ಎಂದೂ ಆಗುವುದಿಲ್ಲ. ಎಷ್ಟಿತ್ತು, ಯಾವಾಗ ಸೇರಿತು, ಹೃದಯದ ಸ್ಥಿತಿ ಹೇಗಿತ್ತು ಎಂದೆಲ್ಲ ಕೂಡಿಸಿ ಕಳೆದು ವೈದ್ಯರು ಅಭಿಪ್ರಾಯ ಕೊಡಬೇಕು. ಇದು ನಿಧಾನದ, ಬೇಸರದ ಕೆಲಸ. ಇದಕ್ಕೆ ಹಿನ್ನೆಲೆ ಸಂಗೀತ ಹಾಕಲಾಗುವುದಿಲ್ಲ.

ಗಾಂಧಿನಗರಕ್ಕೆ ಕ್ಯಾಮೆರಾ ಬಂದ ನಂತರದ್ದು ನಿಮಗೆ ಗೊತ್ತು. ಸೆಪ್ಟೆಂಬರ್ 4ಕ್ಕೆ ನಟಿ ರಾಗಿಣಿ ದ್ವಿವೇದಿ, 8ಕ್ಕೆ ನಟಿ ಸಂಜನಾ ಗಲ್ರಾನಿ ಸಿಸಿಬಿ ಪೊಲೀಸರ ವಶಕ್ಕೆ. ರಾಗಿಣಿಗೆ ಜಾಮೀನು ಸಿಕ್ಕಿದ್ದು ಮರುವರ್ಷ ಜನವರಿಯಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ. ಪರಪ್ಪನ ಅಗ್ರಹಾರದಲ್ಲಿ ನಾಲ್ಕು ತಿಂಗಳ ಮೇಲೆ. ಬರೀ ಸೇವನೆ ಸಾಬೀತಾದರೆ ಕಾಯಿದೆಯಲ್ಲಿ ಹೆಚ್ಚೆಂದರೆ ಒಂದು ವರ್ಷ. ಅದರ ಮೂರನೇ ಒಂದು ಭಾಗ ವಿಚಾರಣೆಗೆ ಮುಂಚೆಯೇ ಮುಗಿದಿತ್ತು. 2021ರಲ್ಲಿ ಕೂದಲಿನ ವರದಿ ಬಂತೆಂದು ಇನ್ನೊಂದು ಸುತ್ತು ಡೋಲು ಬಡಿದರು. 2025ರ ಜನವರಿಯಲ್ಲಿ ಹೈಕೋರ್ಟು ರಾಗಿಣಿಯ ಮೇಲಿನ ಪ್ರಕರಣವನ್ನೇ ರದ್ದು ಮಾಡಿತು. ಡೋಲಿನವರು ಊರಲ್ಲಿರಲಿಲ್ಲ. ಬೆಂಗಳೂರಿಗೆ ಡ್ರಗ್ಸ್ ಎಲ್ಲಿಂದ ಬರುತ್ತದೆ, ಯಾರು ತರಿಸುತ್ತಾರೆ, ಯಾರ ಕೃಪೆಯಲ್ಲಿ ಕಾಲೇಜುಗಳ ಅಕ್ಕಪಕ್ಕ ಮಾರಾಟವಾಗುತ್ತದೆ? ಆ ಪ್ರಶ್ನೆಯ ಹತ್ತಿರ ಕ್ಯಾಮೆರಾ ಹೋಗಲಿಲ್ಲ. ನಟಿಯರ ಮನೆ ಗೇಟು ಹತ್ತಿರವಿತ್ತು ನೋಡಿ.

ಅಂದ ಹಾಗೆ, ಇವರು ಮಾತಾಡುವ ಯುವಜನರ ಸಾವು, ಮಾದಕ ವ್ಯಸನದ ಪಿಡುಗು, ಇವೆಲ್ಲ ನಿಜಕ್ಕೂ ಇವರಿಗೆ ಬೇಕೇ? 2020ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 12,259 ಮಂದಿ ಎನ್ನುತ್ತದೆ ಎನ್‌ಸಿಆರ್‌ಬಿ. ದೇಶದಲ್ಲಿ 1,53,052. ಅದರಲ್ಲಿ 37,666 ಜನ ದಿನಗೂಲಿಗಳು. ಲಾಕ್‌ಡೌನಿನ ವರ್ಷ ಅದು. ಈ 37,666 ಜನರಲ್ಲಿ ಒಬ್ಬರ ವಾಟ್ಸಾಪ್ ಚಾಟನ್ನಾದರೂ ಯಾರಾದರೂ ಓದಿದರೇ? ಅವರ ಗುಡಿಸಿಲಿನ ಮುಂದೆ ಒಂದು ಓಬಿ ವ್ಯಾನು ನಿಂತಿತೇ? ವ್ಯಸನದ ಮಾತಿಗೆ ಬಂದರೆ, ಏಮ್ಸ್ ನಡೆಸಿಕೊಟ್ಟ 2019ರ ಕೇಂದ್ರ ಸರ್ಕಾರದ ಸಮೀಕ್ಷೆ ಎದುರಿಗೇ ಇದೆ: ಗಾಂಜಾ, ಭಂಗಿ, ಚರಸ್ ಬಳಸುವವರು 3.1 ಕೋಟಿ, ಹೆಂಡ ಕುಡಿಯುವವರು 16 ಕೋಟಿ. ಆ 16 ಕೋಟಿಯ ವಿಷಯದಲ್ಲಿ ನಮ್ಮ ಸರ್ಕಾರದ ನಿಲುವೇನು? 2020ರ ಮೇ 4ರಂದು ವೈನ್ ಶಾಪುಗಳ ಬಾಗಿಲು ತೆಗೆದ ಮೊದಲ ದಿನ ರಾಜ್ಯದಲ್ಲಿ 45 ಕೋಟಿ, ಮರುದಿನ 197 ಕೋಟಿ ರೂಪಾಯಿ ವ್ಯಾಪಾರ. ಅದೇ ಚಾನೆಲ್ಲುಗಳು ಕ್ಯೂನಲ್ಲಿ ನಿಂತವರನ್ನು ನಗುನಗುತ್ತ ಮಾತಾಡಿಸಿದವು. ಸಂಜೆ ಕುಡಿದು ಬಂದವನ ಕೈಯಲ್ಲಿ ಹೊಡೆಸಿಕೊಂಡವಳ ಬೈಟ್ ಬೇಡ. ಖಜಾನೆ ತುಂಬಿಸುವ ಅಮಲು ಸುದ್ದಿಯಾಗುವುದಿಲ್ಲ, ಅದು ರಾಜಸ್ವ.

ಹಾಸನದ ಸಾವುಗಳ ವಿಷಯದಲ್ಲೂ ಇವರದು ಇದೇ ಚಾಳಿ. 2025ರ ಜೂನ್‌ನಲ್ಲಿ ಒಂದೇ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತ ಎಂದು ದಿನಕ್ಕೊಂದು ಎಣಿಕೆ ಹಾಕಿದರು. ಸ್ವತಃ ಮುಖ್ಯಮಂತ್ರಿಗಳೇ ಕೋವಿಡ್ ಲಸಿಕೆಯತ್ತ ಬೆರಳು ತೋರಿಸಿದರು. ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಬೆಳಗಿನ ಜಾವದಿಂದಲೇ ಸಾಲು ನಿಂತರು. ನಿಜವಾಗಿ ಎದೆನೋವಿದ್ದವರೂ ಆ ಸಾಲಿನಲ್ಲೇ ಕಾಯಬೇಕಾಯಿತು. ತಜ್ಞರ ಸಮಿತಿ ಲಸಿಕೆಗೂ ಇದಕ್ಕೂ ನಂಟಿಲ್ಲ ಎಂದಿತು. ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ಹೆಸರುಗಳನ್ನೇ ಹೇಳಿತು. ಹಳೆಯ ಹೆಸರುಗಳಿಗೆ ಬ್ರೇಕಿಂಗ್ ಇಲ್ಲ. ನಲವತ್ತರೊಳಗಿನ ಗಂಡಸು ಸತ್ತರೆ ಬೀಡಿಯೋ ಕೊಲೆಸ್ಟ್ರಾಲೋ ಎಂದರೆ ಯಾರು ನೋಡುತ್ತಾರೆ? ಲಸಿಕೆ ಎನ್ನಬೇಕು, ನಟನಾದರೆ ಡ್ರಗ್ಸ್ ಎನ್ನಬೇಕು, ನಟನ ಪಕ್ಕ ಹೆಣ್ಣೊಬ್ಬಳಿದ್ದರಂತೂ ಕಥೆ ತಾನೇ ಬರೆದುಕೊಳ್ಳುತ್ತದೆ.

ಜನರಿಗೆ ತಿಳಿಯುವ ಹಕ್ಕಿದೆಯಂತೆ. ಇರಲಿ. ತಿಳಿದದ್ದನ್ನು ತಿಳಿಸಿ. ನಿಮಗೆ ಯಾವುದಾದರೂ ಸಾವಿನ ಹಿಂದೆ ಡ್ರಗ್ಸ್ ಇದೆಯೆಂದು ಗೊತ್ತಿದ್ದರೆ ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟು ಕೆಳಗೆ ಹೆಸರು, ವಿಳಾಸ, ಸಹಿ ಹಾಕಿ ಬನ್ನಿ. ಅಷ್ಟು ಧೈರ್ಯವಿಲ್ಲದವರು ಬಾಯಿಗೆ ಬೀಗ ಹಾಕಿಕೊಳ್ಳಲಿ. ಸತ್ತವರಿಗೆ ಮಾನವಿಲ್ಲ ಎಂದು ಯಾರೂ ಭಾವಿಸಬೇಡಿ. ಸತ್ತವನ ಮೇಲೆ ಹೊರಿಸಿದ ಮಾತು ಅವನ ಮನೆಯವರನ್ನು ನೋಯಿಸುವ ಉದ್ದೇಶದ್ದಾದರೆ ಅದೂ ಮಾನನಷ್ಟವೇ ಎಂದು ಹಳೆಯ ದಂಡಸಂಹಿತೆಯ 499ನೇ ಸೆಕ್ಷನ್ನಿನ ಮೊದಲ ವಿವರಣೆಯಲ್ಲೇ ಇತ್ತು. ನ್ಯಾಯಸಂಹಿತೆಯ 356ರಲ್ಲೂ ಉಳಿದುಕೊಂಡಿದೆ. ತನಿಖೆ ನಡೆಯುತ್ತಿರುವಾಗ ಹೀಗೆಲ್ಲ ತೀರ್ಪು ಕೊಡಬೇಡಿ ಎಂದು ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಚಾನೆಲ್ಲುಗಳಿಗೆ ಬಿಡಿಸಿ ಬಿಡಿಸಿ ಹೇಳಿತ್ತು. ಕಾನೂನಿಗೆ ಕೊರತೆಯೇ ಇಲ್ಲ. ಬಳಸುವವರು ಯಾರು? ಮಣ್ಣು ಮಾಡಿ ಬಂದ ಮನೆಯವರು ವಕೀಲರ ಆಫೀಸಿಗೆ ಅಲೆಯಬೇಕೇ?

ಸುಶಾಂತ್ ಹೆಸರಿನಲ್ಲಿ ಅವರು ಬರೆಯದ ಟ್ವೀಟುಗಳನ್ನು ಅವರದೇ ಎಂದು ತೋರಿಸಿದ್ದಕ್ಕೆ ಆಜ್ ತಕ್ ಚಾನೆಲ್‌ಗೆ ಸುದ್ದಿವಾಹಿನಿಗಳ ಸ್ವಂತ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ ದಂಡ ಹಾಕಿತು. ಒಂದು ಲಕ್ಷ ರೂಪಾಯಿ. ಅದೇ ತಿಂಗಳು, 28 ದಿನ ಜೈಲಿನಲ್ಲಿದ್ದ ರಿಯಾ ಹೊರಗೆ ಬರಲು ಹೈಕೋರ್ಟ್ ಕೇಳಿದ ಬಾಂಡಿನ ಮೊತ್ತವೂ ಒಂದು ಲಕ್ಷ ರೂಪಾಯಿಯೇ.