ಗುರುವನ್ನು ಆರಿಸುವ ಅಧಿಕಾರ

1957ರ ಏಪ್ರಿಲ್‌ನಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರವು ಕೇರಳದ ಅಧಿಕಾರಸೂತ್ರವನ್ನು ಹಿಡಿದು, ಶಿಕ್ಷಣ ಸಚಿವರಾದ ಜೋಸೆಫ್ ಮುಂಡಶ್ಶೇರಿಯವರು ಕೆಲವೇ ತಿಂಗಳಲ್ಲಿ ಶಿಕ್ಷಣ ಮಸೂದೆಯನ್ನು ಮಂಡಿಸಿದಾಗ, ಖಾಸಗಿ ಶಾಲೆಗಳ ಸ್ವಾತಂತ್ರ್ಯಕ್ಕೆ ಕುತ್ತು ಬಂದಿತೆಂದು ಎದ್ದ ಕೂಗು, ವಿಮೋಚನ ಸಮರವಾಗಿ ಬೆಳೆದು, 1959ರ ಜುಲೈ 31ರಂದು ಆ ಸರಕಾರವೇ ವಜಾ ಆಗುವವರೆಗೂ ಅಡಗಲಿಲ್ಲ. ಆ ಕಲಹದಲ್ಲಿ ಗುರುವಿನ ಸಂಬಳದ ಪ್ರಶ್ನೆಯೂ ಗುರುವಿನ ಆಯ್ಕೆಯ ಪ್ರಶ್ನೆಯೂ ಒಂದರೊಳಗೊಂದು ಕಲಸಿಹೋದುವು; ಅವನ್ನು ಬಿಡಿಸಿ ನೋಡದೆ ಶಾಲೆಗಳ ಸ್ವಾಯತ್ತತೆಯ ಮಾತನ್ನಾಡುವುದು ಇಂದಿಗೂ ವ್ಯರ್ಥವೆಂದು ನನ್ನ ಎಣಿಕೆ.

ತಿಂಗಳ ಕೊನೆಗೆ ಖಾಸಗಿ ಶಾಲೆಯ ಮ್ಯಾನೇಜರರ ಜಗಲಿಯ ಮುಂದೆ ನಿಂತ ಮೇಷ್ಟರು, ಸಂಬಳದ ಪುಸ್ತಕದಲ್ಲಿ ಪೂರ್ತಿ ಮೊತ್ತಕ್ಕೆ ರುಜು ಹಾಕಿ, ಕೈಗೆ ಬಂದ ಅದಕ್ಕಿಂತ ಕಡಮೆ ಹಣವನ್ನೆಣಿಸಿಕೊಂಡು, ಎದುರಾಡಿದರೆ ಇದ್ದ ಕೆಲಸವೂ ಹೋದೀತೆಂಬ ಅಂಜಿಕೆಯಿಂದ ತುಟಿಪಿಟಕ್ಕೆನ್ನದೆ ಮನೆಗೆ ಮರಳಬೇಕಾಗಿದ್ದ ಕಾಲವದು. ಸರಕಾರವೇ ನೇರವಾಗಿ ಸಂಬಳ ಕೊಡತಕ್ಕದ್ದೆಂಬ ಮಸೂದೆಯ ಏರ್ಪಾಡನ್ನು ಸ್ವಾತಂತ್ರ್ಯಹರಣವೆಂದು ಕರೆದವರ ಪಕ್ಷವನ್ನು ನಾನು ವಹಿಸಲಾರೆ.

ನೇಮಕದ ಮಾತು ಬೇರೆ. ಲೋಕಸೇವಾ ಆಯೋಗದ ಪಟ್ಟಿಯಿಂದಲೇ ಅಧ್ಯಾಪಕರನ್ನು ಆರಿಸಬೇಕೆಂದಿತ್ತು ಮಸೂದೆ. 1958ರ ಮೇ 22ರಂದು ರಾಷ್ಟ್ರಪತಿಗಳಿಗೆ ಅಭಿಪ್ರಾಯವನ್ನಿತ್ತ ಸುಪ್ರೀಂ ಕೋರ್ಟು, ಶಾಲೆಗಳನ್ನು ಸರಕಾರ ವಶಪಡಿಸಿಕೊಳ್ಳುವ ವಿಧಿಗಳನ್ನು ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಅನ್ವಯಿಸಲಾಗದೆಂದು ಹೇಳಿ, ನೇಮಕದ ವಿಧಿಯನ್ನು ಹಿಂಜರಿಯುತ್ತಲೇ ಒಪ್ಪಿತು. ಆ ಅಭಿಪ್ರಾಯಕ್ಕೆ ಆಧಾರವಾದ ಸಂವಿಧಾನದ 30ನೆಯ ವಿಧಿ ಮತದ ಅಲ್ಪಸಂಖ್ಯಾತರಂತೆ ಭಾಷೆಯ ಅಲ್ಪಸಂಖ್ಯಾತರನ್ನೂ ಕಾಯತಕ್ಕದ್ದಾದುದರಿಂದ, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರಿಗೂ ಇದು ಮನೆಯ ವ್ಯಾಜ್ಯವೇ. ಅಲ್ಲಿಯ ಸರಕಾರಿ ಶಾಲೆಗಳ ಕನ್ನಡ ತರಗತಿಗೆ ಆಯೋಗದ ಪಟ್ಟಿಯಿಂದ ಕನ್ನಡವರಿಯದ ಅಧ್ಯಾಪಕರು ಬಂದು, ಮಕ್ಕಳು ಪಾಠ ತಿಳಿಯದೆ ಪಿಳಿಪಿಳಿ ಕಣ್ಣುಬಿಡುವಂತಾಗಿ, ತಾಯ್ತಂದೆಯರು ಪ್ರತಿಭಟನೆಗಿಳಿದುದನ್ನು ಬಲ್ಲವರಿಗೆ, ಗುರುವನ್ನು ಆರಿಸುವ ಅಧಿಕಾರ ಶಾಲೆಯಲ್ಲಿಯೇ ಇರಬೇಕೆಂಬುದಕ್ಕೆ ಬೇರೆ ವಾದವೇಕೆ?

1960ರಲ್ಲಿ ಬಂದ ಇನ್ನೊಂದು ಸರಕಾರ, ಸಂಬಳವನ್ನು ಬೊಕ್ಕಸದಲ್ಲಿಯೇ ಉಳಿಸಿ, ನೇಮಕದ ಅಧಿಕಾರವನ್ನು ತಿದ್ದುಪಡಿಯಿಂದ ಮ್ಯಾನೇಜರರಿಗೆ ಮರಳಿಸಿತು. ಹಂಚಿಕೆ ಸರಿಯಾದುದೇ, ಆದರೆ ಹುದ್ದೆಯೊಂದಕ್ಕೆ ಇಷ್ಟೆಂದು ವಂತಿಗೆ ಕೇಳುವ ಪಿಡುಗು ಅದರ ಬೆನ್ನಿಗೇ ಬೆಳೆದು, ಹಿಂದೆ ಸಂಬಳಕ್ಕಾಗಿ ಜಗಲಿಯ ಮುಂದೆ ನಿಂತ ಮೇಷ್ಟರು ಈಗ ಗಂಟು ಒಪ್ಪಿಸಲು ಅಲ್ಲಿಯೇ ನಿಲ್ಲುವಂತಾಯಿತೆಂಬುದು ನನ್ನನ್ನು ಬಹಳವಾಗಿ ನೋಯಿಸುತ್ತದೆ. ಸರಕಾರ ಬದಲಾದಾಗಲೆಲ್ಲ ಸ್ವಾಯತ್ತತೆಗಾಗಿ ಮೊರೆಯಿಡುವ ಆಡಳಿತ ಮಂಡಳಿಗಳು, ಖಾಲಿಯಾದ ಹುದ್ದೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಸಂದರ್ಶನಕ್ಕೆ ಪೋಷಕರೊಬ್ಬರನ್ನೂ ಹೊರಗಿನ ವಿದ್ವಾಂಸರೊಬ್ಬರನ್ನೂ ಕೂರಿಸಿ, ಅಭ್ಯರ್ಥಿಗಳ ಅಂಕಗಳನ್ನು ಶಾಲೆಯ ಸೂಚನಾಫಲಕದಲ್ಲಿ ಅಂಟಿಸಲಿ. ಅಷ್ಟು ಮಾಡಿದ ಶಾಲೆಯನ್ನು ನೀನು ಇವರನ್ನೇ ಏಕೆ ಆರಿಸಿದೆಯೆಂದು ಯಾವ ಪಕ್ಷದ ಸರಕಾರವೂ ಕೇಳಕೂಡದು.