ಛಾವಣಿ ತೆರೆಯುವ ಮುನ್ನ

ಮನುಷ್ಯನಿಗೆ ವಯಸ್ಸಾದೊಡನೆ ಅವನ ಆಸೆಗಳಿಗೂ ಮುಪ್ಪು ಬರಬೇಕೆಂಬುದು ನಮ್ಮ ಸಮಾಜದ ಅಲಿಖಿತ ನಿಯಮ. ಅರುವತ್ತು ದಾಟಿದವರು ತೀರ್ಥಯಾತ್ರೆಗೆ ಹೊರಟರೆ ಎಲ್ಲರೂ ಮೆಚ್ಚುತ್ತಾರೆ. ಅದೇ ವ್ಯಕ್ತಿ ಛಾವಣಿ ತೆರೆಯುವ ಎರಡು ಆಸನದ ಕಾರೊಂದನ್ನು ಕೊಳ್ಳುವೆನೆಂದರೆ, "ಇದೇನು ಬಂತು ಇವರಿಗೆ ಈ ವಯಸ್ಸಿನಲ್ಲಿ?" ಎಂದು ಮೂಗು ಮುರಿಯುತ್ತಾರೆ.

ಕಳೆದ ವರ್ಷ ನನ್ನ ಹಳೆಯ ಮಿತ್ರರೊಬ್ಬರು ಇಂಥದೇ ಸಂದಿಗ್ಧದಲ್ಲಿ ಸಿಲುಕಿ ನಮ್ಮ ಮನೆಗೆ ಬಂದರು. ಮೂವತ್ತೈದು ವರ್ಷ ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣ ಮಾಡಿ, ಇಬ್ಬರು ಮಕ್ಕಳಿಗೆ ವಿದ್ಯೆ ಕೊಡಿಸಿ, ಮನೆಯ ಸಾಲ ತೀರಿಸಿ ನಿವೃತ್ತರಾದವರು. "ರಾಯರೇ, ಇದೊಂದು ಆಸೆ ಉಳಿದುಬಿಟ್ಟಿದೆ" ಎಂದು ವಿದೇಶೀ ಸ್ಪೋರ್ಟ್ಸ್ ಕಾರೊಂದರ ಚಿತ್ರವನ್ನು ಮೇಜಿನ ಮೇಲಿಟ್ಟರು. ಒಬ್ಬರು ಬಳಸಿ ಮಾರುತ್ತಿದ್ದ ಕಾರು, ಮುನ್ನೂರು ಅಶ್ವಶಕ್ತಿಯದು. ಭವಿಷ್ಯನಿಧಿ, ಗ್ರ್ಯಾಚುಯಿಟಿ ಎರಡೂ ಸೇರಿದ ಹಣದ ಬಹುಪಾಲು ಅದಕ್ಕೇ ಹೋಗುವಂತಿತ್ತು. ಮನೆಯವರು ಒಂದು ವಾರದಿಂದ ಸರಿಯಾಗಿ ಮಾತನಾಡುತ್ತಿಲ್ಲವೆಂಬುದನ್ನೂ ಸಂಕೋಚದಿಂದಲೇ ತಿಳಿಸಿದರು.

ಅವರಿಗೆ ಹೇಳಿದ್ದನ್ನೇ ಇಲ್ಲಿ ಓದುಗರ ಮುಂದೆಯೂ ಇಡುತ್ತಿದ್ದೇನೆ. ಆಸೆ ತಪ್ಪಲ್ಲ. ತಪ್ಪು ಇರುವುದು ಅಶ್ವಶಕ್ತಿಯ ಅಂಕಿಯನ್ನು ನೋಡಿ ಕಾರನ್ನು ಆರಿಸುವುದರಲ್ಲಿ. ಕಾರು ನಡೆಸುವ ಸುಖ ಇರುವುದು ಅದರ ಹಗುರತನದಲ್ಲಿ, ಮತ್ತು ಅದು ನಮ್ಮ ದೇಹಕ್ಕೂ ನಮ್ಮ ರಸ್ತೆಗೂ ಒಪ್ಪುವುದರಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಪುಸ್ತಕದಿಂದ ಬಂದ ವಿವೇಕವಲ್ಲ. ಹದಿನೈದು ವರ್ಷಗಳ ಹಿಂದೆ ನಾನೂ ಒಂದು ಬಲಿಷ್ಠವಾದ ಹಳೆಯ ಕಾರನ್ನು ಮೋಹದಿಂದ ಕೊಂಡಿದ್ದೆ. ಮುಂಬಯಿಯ ವಾಹನ ಸಂದಣಿಯಲ್ಲಿ ಅದು ಮೂರನೆಯ ಗೇರನ್ನು ದಾಟಿದ್ದೇ ಅಪರೂಪ. ಗಡುಸಾದ ಕ್ಲಚ್ಚನ್ನು ತುಳಿದು ತುಳಿದು ಎಡಮೊಣಕಾಲು ಊದಿಕೊಂಡಿತು. ತಗ್ಗಾದ ಆಸನದಿಂದ ಸೊಂಟ ಹಿಡಿದುಕೊಂಡಿತು. ಎರಡು ವರ್ಷಗಳಲ್ಲಿ ಅರ್ಧ ಬೆಲೆಗೆ ಮಾರಿ ಕೈ ತೊಳೆದುಕೊಂಡೆ.

ಹಾಗಾದರೆ ನಡೆಸಲು ಸುಖವಾದ ಕಾರು ಹೇಗಿರಬೇಕು? ಜಪಾನಿನ ಮಾಜ್ದಾ ಕಂಪೆನಿಯ ಎಂಎಕ್ಸ್-5 ಇದಕ್ಕೆ ಒಳ್ಳೆಯ ನಿದರ್ಶನ. 1989ರಲ್ಲಿ ಅಮೆರಿಕದ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಎಂಜಿನ್ನು 1.6 ಲೀಟರಿನದು, ಶಕ್ತಿ ಸುಮಾರು 115 ಅಶ್ವಶಕ್ತಿ ಮಾತ್ರ. ಆದರೆ ತೂಕ ಒಂದು ಟನ್ನಿನೊಳಗೆ, ಆ ತೂಕವೂ ಮುಂದಿನ ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಮೆ ಸಮನಾಗಿ ಹಂಚಿಕೆಯಾಗಿತ್ತು. ಸವಾರನೂ ಕುದುರೆಯೂ ಒಂದೇ ದೇಹವಾಗಬೇಕೆಂಬ ಅರ್ಥದ ಜಪಾನೀ ನುಡಿಗಟ್ಟೊಂದನ್ನು ಅದರ ಶಿಲ್ಪಿಗಳು ಧ್ಯೇಯವಾಗಿಟ್ಟುಕೊಂಡಿದ್ದರು. 2016ರಲ್ಲಿ ಇಂಥ ಹತ್ತು ಲಕ್ಷನೆಯ ಕಾರು ತಯಾರಾಯಿತು. ಬ್ರಿಟನ್ನಿನ ಲೋಟಸ್ ಕಂಪೆನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ನರೂ ಇದೇ ಪಂಥದವರು. ಅವರ 1962ರ ಎಲಾನ್ ಕಾರಿನ ತೂಕ 700 ಕಿಲೋಗ್ರಾಮಿಗಿಂತ ಕಡಿಮೆ.

ಹಗುರವಾದರೆ ಏನು ಲಾಭ? ಕಾರನ್ನು ನೆಲಕ್ಕೆ ಹಿಡಿದಿಡುವುದು ನಾಲ್ಕು ಟೈರುಗಳ ಅಂಗೈಯಗಲದ ರಬ್ಬರು ಮಾತ್ರ. ತಿರುಗಿಸುವಾಗಲೂ ನಿಲ್ಲಿಸುವಾಗಲೂ ಇಡೀ ಭಾರವನ್ನು ಅದೇ ತಾಳಿಕೊಳ್ಳಬೇಕು. ಹಗುರವಾದ ಕಾರು ಸ್ಟಿಯರಿಂಗಿನ ಸೂಚನೆಯನ್ನು ಕೂಡಲೇ ಪಾಲಿಸುತ್ತದೆ. ಐವತ್ತು ಕಿಲೋಮೀಟರ್ ವೇಗದಲ್ಲೇ ಚಾಲಕನಿಗೆ ಉಲ್ಲಾಸವಾಗುತ್ತದೆ. ಭಾರವಾದ ಕಾರಿನಲ್ಲಿ ಅದೇ ಉಲ್ಲಾಸಕ್ಕೆ ನೂರರ ಮೇಲೆ ಹೋಗಬೇಕು. ವೇಗ 80ರಿಂದ 100ಕ್ಕೆ ಏರಿದರೆ ಹೆಚ್ಚಿದ್ದು ಕಾಲು ಭಾಗ; ಆದರೆ ಬ್ರೇಕು ಅರಗಿಸಬೇಕಾದ ಶಕ್ತಿ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ವಯಸ್ಸಿನೊಡನೆ ಕಣ್ಣು, ಕಾಲುಗಳ ಚುರುಕು ಕುಂದಿದವರು ಈ ಲೆಕ್ಕವನ್ನು ಮರೆಯಬಾರದು.

ಇನ್ನು ನಮ್ಮ ರಸ್ತೆಗಳು. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಸಮತಟ್ಟಾದ ಭಾಗದಲ್ಲೂ, 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೆಯ ಮೇಲೂ ಕಾರಿಗೆ ಗರಿಷ್ಠ ಮಿತಿ ಗಂಟೆಗೆ 100 ಕಿಲೋಮೀಟರ್. ಮುನ್ನೂರು ಅಶ್ವಗಳಲ್ಲಿ ಇನ್ನೂರಕ್ಕೂ ಹೆಚ್ಚಿನವು ಲಾಯದಲ್ಲೇ ಹುಲ್ಲು ಮೇಯುತ್ತಿರಬೇಕು. ಆ ಹುಲ್ಲಿನ ಖರ್ಚು ಮಾತ್ರ ನಮ್ಮದು. ರಸ್ತೆಯ ಹಂಪಿನ ಎತ್ತರ ನಿಯಮದಂತೆ 10 ಸೆಂಟಿಮೀಟರ್. ನಮ್ಮ ಗಲ್ಲಿಗಳ ಹಂಪುಗಳು ಆ ನಿಯಮವನ್ನು ಓದಿಲ್ಲ. ತಗ್ಗಾದ ಸ್ಪೋರ್ಟ್ಸ್ ಕಾರಿನ ಹೊಟ್ಟೆ ಅಲ್ಲಿ ತರಚಿಕೊಳ್ಳುವುದು ಖಂಡಿತ. ರಜೆಗೆ ಊರಿಗೆ ಹೋದಾಗ ಆಗುಂಬೆ ಘಾಟಿಯ ಹಿಮ್ಮುರಿ ತಿರುವುಗಳನ್ನು ಹತ್ತಿದವರಿಗೆ ಗೊತ್ತು: ಅಲ್ಲಿ ಚಿಕ್ಕ ಕಾರಿನ ಎರಡನೆಯ ಗೇರು ಕೊಡುವ ಆನಂದವನ್ನು ದೊಡ್ಡ ಎಂಜಿನ್ನು ಕೊಡಲಾರದು.

ಛಾವಣಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕಾರಿನ ಗಟ್ಟಿತನದಲ್ಲಿ ಛಾವಣಿಯ ಪಾತ್ರ ದೊಡ್ಡದು. ಸಾಮಾನ್ಯ ಕಾರಿನ ಛಾವಣಿ ಕತ್ತರಿಸಿ ತೆರೆದ ಕಾರು ಮಾಡಿದರೆ, ಕಳೆದುಕೊಂಡ ಬಲವನ್ನು ತುಂಬಲು ತಳದಲ್ಲಿ ಉಕ್ಕು ಸೇರಿಸಬೇಕಾಗುತ್ತದೆ. ಕಾರು ಭಾರವಾಗುತ್ತದೆ, ಹೊಂಡಗಳಲ್ಲಿ ನಡುಗುತ್ತದೆ. ಆದುದರಿಂದ ಹುಟ್ಟಿನಿಂದಲೇ ತೆರೆದ ಕಾರೆಂದು ರೂಪಿಸಿದ್ದನ್ನೇ ಆರಿಸಬೇಕು. ಬಟ್ಟೆಯ ಛಾವಣಿ ಹಗುರವಾದರೂ ಮುಂಬಯಿಯ ನಾಲ್ಕು ತಿಂಗಳ ಮಳೆಗೆ ಬೂಷ್ಟು ಹಿಡಿಯುತ್ತದೆ. ಸೊಸೈಟಿಯಲ್ಲಿ ಮಾಡಿಲ್ಲದ ಜಾಗದಲ್ಲಿ ಕಾರು ನಿಲ್ಲಿಸುವವರು ಅದರ ಯೋಚನೆ ಬಿಡುವುದೇ ಲೇಸು.

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳೂ ಇರುವುದರಿಂದ ದೇಹದ ಮಾತನ್ನೂ ಹೇಳಲೇಬೇಕು. ತೆರೆದ ಕಾರಿನಲ್ಲಿ ಕುಳಿತವರು ಬೀದಿಯ ಹೊಗೆಯನ್ನು ನೇರವಾಗಿ ಉಸಿರಾಡುತ್ತಾರೆ. ಶ್ವಾಸಕೋಶದ ಆಳಕ್ಕಿಳಿಯುವ ಅತಿಸೂಕ್ಷ್ಮ ಧೂಳಿನ 24 ಗಂಟೆಗಳ ಸರಾಸರಿ, ಘನಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ. ನಮ್ಮ ದೇಶದ ಮಿತಿ 60. ಚಳಿಗಾಲದಲ್ಲಿ ದೆಹಲಿ, ಮುಂಬಯಿಗಳಲ್ಲಿ ಈ ಅರುವತ್ತನ್ನೂ ಎಷ್ಟೋ ದಿನ ದಾಟುತ್ತೇವೆ. ಮುಂದಿನ ಗಾಜು ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ತಲೆಯ ಮೇಲೆ ಆ ರಕ್ಷಣೆಯಿಲ್ಲ. ಹೆದ್ದಾರಿಯ ವೇಗದಲ್ಲಿ ಗಾಳಿಯ ಮೊರೆತ, ಕಿವಿಗೆ ಹಾನಿಕರವೆನಿಸುವ 85 ಡೆಸಿಬಲ್ ಮಟ್ಟವನ್ನು ಮುಟ್ಟಬಲ್ಲದು. ಆದುದರಿಂದ ಛಾವಣಿ ತೆರೆಯುವುದು ಮುಂಜಾನೆಯಲ್ಲಿ, ಖಾಲಿ ರಸ್ತೆಯಲ್ಲಿ, ನಿಧಾನ ವೇಗದಲ್ಲಿ ಮಾತ್ರ ಹಿತ. ಆಸ್ತಮಾ ಇರುವವರು ವೈದ್ಯರನ್ನು ಕೇಳಿ ಮುಂದುವರಿಯಬೇಕು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಸರಳ. ಯಾರ ಕೈಯನ್ನೂ ಹಿಡಿಯದೆ ಐದು ಸಲ ಕಾರಿನೊಳಗೆ ಕುಳಿತು ಏಳಿರಿ. ಸಂದಣಿಯ ಹೊತ್ತಿನಲ್ಲಿ ಒಂದು ಗಂಟೆ ನಡೆಸಿರಿ. ಮರುದಿನ ಬೆಳಿಗ್ಗೆ ಮೊಣಕಾಲು, ಸೊಂಟಗಳ ಅಭಿಪ್ರಾಯ ಕೇಳಿರಿ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿರಿ. ಎರಡೇ ಆಸನದ ಕಾರಿನಲ್ಲಿ ಎರಡನೆಯದು ಅವರದೇ ತಾನೆ?

ಎಂಎಕ್ಸ್-5 ಕಾರನ್ನು ಮಾಜ್ದಾ ಕಂಪೆನಿ ನಮ್ಮಲ್ಲಿ ಮಾರುತ್ತಿಲ್ಲ. 1990ರ ದಶಕದ ಕೊನೆಯಲ್ಲಿ ಗೋವೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ 60 ಅಶ್ವಶಕ್ತಿಯ ಪುಟ್ಟ ತೆರೆದ ಕಾರು ತಯಾರಾಗಿತ್ತು, ಅದೂ ನಿಂತುಹೋಯಿತು. ಇದು ನಿರಾಶೆಯ ಸಂಗತಿಯೇ ಸರಿ. ಆದರೆ ಒಂದು ಟನ್ನಿಗಿಂತ ಹಗುರವಾದ ಸ್ವಿಫ್ಟ್‌ನಂಥ ಸಾಮಾನ್ಯ ಕಾರು, ಕೈಗೇರಿನದಾಗಿದ್ದರೆ, ಆ ಸುಖದ ದೊಡ್ಡ ಪಾಲನ್ನು ಕಡಿಮೆ ಖರ್ಚಿನಲ್ಲಿ ಕೊಡುತ್ತದೆ.

ನನ್ನ ಮಿತ್ರರು ಪರೀಕ್ಷೆಗೆ ಹೋದರು. ಮೂರನೆಯ ಸಲ ಏಳುವಾಗ ಮಗನ ಕೈ ಹಿಡಿಯಬೇಕಾಯಿತಂತೆ. ಅವರೀಗ ಕೈಗೇರಿನ ಚಿಕ್ಕ ಕಾರೊಂದನ್ನು ಕೊಂಡಿದ್ದಾರೆ; ಉಳಿದ ಹಣ ಬ್ಯಾಂಕಿನಲ್ಲಿದೆ. ಭಾನುವಾರ ಮುಂಜಾನೆ ಗಾಜಿಳಿಸಿ ದಂಪತಿಗಳು ಸಮುದ್ರ ದಂಡೆಯ ರಸ್ತೆಯಲ್ಲಿ ಹೋಗಿಬರುತ್ತಾರೆ. ತೆರೆದ ಕಾರಿನ ಆಸೆ ಆರಿದೆಯೇ ಎಂದು ಮೊನ್ನೆ ಕೇಳಿದೆ. "ಇಲ್ಲ ರಾಯರೇ, ಹಗುರವಾದದ್ದೊಂದು ಎಲ್ಲಾದರೂ ಮಾರಾಟಕ್ಕೆ ಬಂದರೆ ಹೇಳಿ" ಎಂದರು. ಈ ಸಲ ಅವರ ಮನೆಯವರು ಬೇಡವೆನ್ನಲಿಲ್ಲ.